ಮಗ್ಗಿಗೆ ಮೊದಲು: ಜಿಗಿದು ಎಣಿಸುವುದರಲ್ಲಿರುವ ಗಣಿತ

(ಶಿಕ್ಷಕರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ತರಗತಿಯಲ್ಲಿ ಲೆಕ್ಕ ಹೇಳಿಕೊಡುವವರು, ಮನೆಯಲ್ಲಿ ಮಗುವಿನ ಪಕ್ಕ ಕೂತು ಹೋಂವರ್ಕ್ ಮಾಡಿಸುವವರು ಇಬ್ಬರೂ ಇಲ್ಲಿದ್ದೀರಿ. ಪೀಠಿಕೆ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

"ನಮ್ಮ ಮಗುವಿಗೆ ಐದೈದಾಗಿ ಎಣಿಸೋಕೆ ಬರುತ್ತೆ" ಎಂದು ಸಂತೋಷದಿಂದ ಹೇಳುತ್ತೇವೆ. ಮಗು 5, 10, 15, 20 ಎಂದು ಒಂದೇ ಉಸಿರಿಗೆ ನೂರರವರೆಗೆ ಹೇಳಿ ಮುಗಿಸುತ್ತದೆ. ಅದೇ ಮಗುವಿಗೆ "3ರಿಂದ ಶುರು ಮಾಡಿ ಐದೈದು ಸೇರಿಸುತ್ತಾ ಹೋಗು" ಎಂದು ಹೇಳಿ ನೋಡಿ. ಎಷ್ಟೋ ಮಕ್ಕಳು ಅಲ್ಲೇ ತಡವರಿಸುತ್ತಾರೆ. ಕೆಲವರು 3, 5, 10 ಎಂದು ಹಳೆಯ ಸಾಲಿಗೇ ಜಾರಿಬಿಡುತ್ತಾರೆ. ನಾಲಿಗೆಗೆ ಸಾಲು ಗೊತ್ತಿದೆ, ಮನಸ್ಸಿಗೆ ಜಿಗಿತ ಇನ್ನೂ ಗೊತ್ತಾಗಿಲ್ಲ. ಇವೆರಡರ ನಡುವಿನ ಅಂತರವನ್ನು ತುಂಬುವುದು ಹೇಗೆ ಎಂಬುದೇ ಇವತ್ತು ನಾನು ಮಾತಾಡಬೇಕೆಂದಿರುವ ವಿಷಯ.

ಜಿಗಿದು ಎಣಿಸುವಾಗ ನಾಲ್ಕು ಸಂಗತಿಗಳಿರುತ್ತವೆ. ಎಲ್ಲಿಂದ ಹೊರಟೆವು? ಒಂದೊಂದು ಜಿಗಿತ ಎಷ್ಟು ದೊಡ್ಡದು? ಎಷ್ಟು ಸಲ ಜಿಗಿದೆವು? ಕೊನೆಗೆ ಎಲ್ಲಿಗೆ ಬಂದೆವು? ಬಾಯಿಪಾಠದಲ್ಲಿ ಮಗುವಿಗೆ ಸಿಗುವುದು ಕೊನೆಯದು ಮಾತ್ರ. ನಾಲ್ಕರಲ್ಲಿ ಮೂರನ್ನು ಕೊಟ್ಟು ಉಳಿದ ಒಂದನ್ನು ಕೇಳುತ್ತಾ ಹೋದರೆ, ಪ್ರಾಥಮಿಕ ಶಾಲೆಯ ಲೆಕ್ಕದ ಬಹುಭಾಗ ಅದರೊಳಗೇ ಬಂದುಬಿಡುತ್ತದೆ. 3ರಿಂದ ಹೊರಟು ನಾಲ್ಕರ ಜಿಗಿತ ಹತ್ತು ಸಲ ಹಾಕಿದರೆ ಎಲ್ಲಿರುತ್ತೀಯ? 43. ಇದು ಗುಣಿಸಿ ಕೂಡುವುದು. 3ರಿಂದ ಹೊರಟು ನಾಲ್ಕರ ಜಿಗಿತದಲ್ಲಿ 43ಕ್ಕೆ ಬಂದಿದ್ದೀಯ, ಎಷ್ಟು ಸಲ ಜಿಗಿದೆ? ಇದು ಕಳೆದು ಭಾಗಿಸುವುದು. ಹತ್ತು ಜಿಗಿತಕ್ಕೆ 3ರಿಂದ 43ಕ್ಕೆ ಬಂದರೆ ಒಂದೊಂದು ಜಿಗಿತ ಎಷ್ಟು? ಇದೂ ಭಾಗಾಕಾರವೇ, ಆದರೆ ಕೇಳುವ ಬಗೆ ಬೇರೆ. ಬೀಜಗಣಿತ ಎಂದು ಮುಂದೆ ಹೆದರಿಸುವ ಸಮೀಕರಣ ಇಲ್ಲಿ ಆಟದ ರೂಪದಲ್ಲಿ ಆಗಲೇ ಮಗುವಿನ ಮುಂದಿದೆ.

ಮೂರರ ಜಿಗಿತವನ್ನು ಹೊಸದಾಗಿ ಕಲಿಯುವ ಮಗುವನ್ನು ಹತ್ತಿರ ಕೂತು ಗಮನಿಸಿ. ಒಂದು, ಎರಡು ತುಟಿಯೊಳಗೇ, ಮೂರು ಜೋರಾಗಿ. ನಾಲ್ಕು, ಐದು ಮತ್ತೆ ಪಿಸುಮಾತು, ಆರು ಜೋರಾಗಿ. ಜೋರು ಬಂದಾಗಲೆಲ್ಲ ತಲೆ ಸ್ವಲ್ಪ ಮುಂದಕ್ಕೆ ಬಾಗುತ್ತದೆ. "ಮಧ್ಯದ್ದನ್ನೆಲ್ಲ ಹೇಳಬೇಡ, ಬೇಗ ಹೇಳು" ಎಂದು ನಾವು ಅವಸರಪಡಿಸುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ದಾಟಿ ಬಂದ ಸಂಖ್ಯೆಗಳು ಎಲ್ಲೂ ಹೋಗಿಲ್ಲ, ಪ್ರತಿ ಜಿಗಿತದ ಕೆಳಗೂ ಮೂರು ಸಂಖ್ಯೆಗಳಿವೆ ಎಂಬ ತಿಳಿವಳಿಕೆ ಆ ಪಿಸುಮಾತಿನಲ್ಲೇ ಗಟ್ಟಿಯಾಗುವುದು. ಅದು ತಾನಾಗಿಯೇ ಕರಗುತ್ತದೆ. ಸಂಖ್ಯಾರೇಖೆಯ ಮೇಲೆ ಕಮಾನಿನಂತೆ ಗೆರೆ ಎಳೆಸಿದರೆ ಇನ್ನೂ ಬೇಗ.

ಬೆರಳಿನ ವಿಷಯವೂ ಹಾಗೆಯೇ. 4, 8, 12, 16, 20, 24, 28 ಎಂದು ಹೇಳಿದ ಮಗುವನ್ನು "28ಕ್ಕೆ ಬರುವಷ್ಟರಲ್ಲಿ ಎಷ್ಟು ಸಲ ಜಿಗಿದೆ?" ಎಂದು ಕೇಳಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ, ಈ ಸಲ ಬೆರಳು ಮಡಚುತ್ತಾ. ಬಾಯಿ ಬಂದ ಜಾಗವನ್ನು ಹೇಳುತ್ತದೆ, ಬೆರಳು ಜಿಗಿತಗಳ ಲೆಕ್ಕ ಇಡುತ್ತದೆ. ಎರಡು ಎಣಿಕೆಗಳನ್ನು ಒಟ್ಟಿಗೆ ನಡೆಸುವ ಈ ಕೆಲಸವೇ ಗುಣಾಕಾರದ ಹುಟ್ಟು. "ಇಷ್ಟು ದೊಡ್ಡವನಾಗಿ ಬೆರಳು ಎಣಿಸ್ತೀಯಾ" ಎಂಬ ಮಾತು ಆ ಎರಡನೆಯ ಎಣಿಕೆಯನ್ನು ಕಿತ್ತುಕೊಳ್ಳುತ್ತದೆ. "ನಾಲ್ಕೊಂದ್ಲ ನಾಲ್ಕು, ನಾಲ್ಕೆರಡ್ಲ ಎಂಟು" ಎಂಬ ನಮ್ಮ ಮಗ್ಗಿಯಲ್ಲಿ ಎರಡೂ ಎಣಿಕೆಗಳಿವೆ. ಆದರೆ ಅವು ಎರಡು ಬೇರೆ ಎಣಿಕೆಗಳೆಂದು ಮೊದಲೇ ಗೊತ್ತಿದ್ದ ಮಗುವಿಗೆ ಮಾತ್ರ ಅದು ಕೇಳಿಸುತ್ತದೆ.

ಇಲ್ಲಿ ಒಂದು ತಪ್ಪಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ದೊಡ್ಡವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ. 3, 7, 11, 15 ಎಂದು ಸಾಲು ಹೋಗುತ್ತಿದೆ. ಇಪ್ಪತ್ತನೆಯ ಸಂಖ್ಯೆ ಯಾವುದು? ಇಪ್ಪತ್ತು ನಾಲ್ಕ್ಲ ಎಂಬತ್ತು, ಅದಕ್ಕೆ ಮೂರು ಸೇರಿಸಿದರೆ 83 ಎಂಬ ಉತ್ತರ ಥಟ್ಟನೆ ಬರುತ್ತದೆ. ಸರಿಯಾದ ಉತ್ತರ 79. ಮೊದಲನೆಯ ಸಂಖ್ಯೆಗೆ ಬರಲು ಜಿಗಿಯಬೇಕಾಗಿಲ್ಲ. ನಾವು ಅಲ್ಲೇ ನಿಂತಿದ್ದೇವೆ. ಎರಡನೆಯದಕ್ಕೆ ಒಂದು ಜಿಗಿತ, ಮೂರನೆಯದಕ್ಕೆ ಎರಡು, ಇಪ್ಪತ್ತನೆಯದಕ್ಕೆ ಹತ್ತೊಂಬತ್ತು. ಸಂಖ್ಯೆಗಳು ಇಪ್ಪತ್ತು, ನಡುವಿನ ಜಿಗಿತಗಳು ಹತ್ತೊಂಬತ್ತು. ಇದನ್ನು ಸೂತ್ರವಾಗಿ ಹೇಳಿಕೊಟ್ಟರೆ ವಾರದಲ್ಲಿ ಮರೆತುಹೋಗುತ್ತದೆ. ಮಗುವೇ ಐದು ಚುಕ್ಕಿ ಇಟ್ಟು, ನಡುವೆ ಕಮಾನು ಎಳೆದು, ಕಮಾನು ನಾಲ್ಕೇ ಇವೆ ಎಂದು ಬೆರಳಿಟ್ಟು ಎಣಿಸಿದರೆ ಮರೆಯುವುದಿಲ್ಲ. ಹೈಸ್ಕೂಲಿನ ಸಮಾಂತರ ಶ್ರೇಢಿಯಲ್ಲಿ, ಅಂದರೆ ಒಂದೇ ಅಳತೆಯ ಜಿಗಿತದ ಇಂಥ ಸಾಲುಗಳ ಪಾಠದಲ್ಲಿ, n ಬದಲು n – 1 ಯಾಕೆ ಬರುತ್ತದೆ ಎಂದು ತಲೆ ಕೆರೆದುಕೊಳ್ಳುವ ಮಕ್ಕಳಿಗೆ ಬೇಕಾಗಿದ್ದುದು ಈ ಐದು ಚುಕ್ಕಿಗಳು.

ಅದೇ ಸಾಲಿನ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿ: ಇದರಲ್ಲಿ 100 ಎಂದಾದರೂ ಬರುತ್ತದೆಯೇ? ಒಬ್ಬರು ನೂರರವರೆಗೂ ಎಣಿಸಿ 99 ಆದ ಮೇಲೆ 103 ಬರುತ್ತದೆ, ಆದ್ದರಿಂದ ಇಲ್ಲ ಎನ್ನುತ್ತಾರೆ. ಇನ್ನೊಬ್ಬರು ಎಣಿಸುವುದೇ ಇಲ್ಲ. "ಬೆಸ ಸಂಖ್ಯೆಯಿಂದ ಹೊರಟು ಸಮ ಸಂಖ್ಯೆ ಸೇರಿಸುತ್ತಿದ್ದೇವೆ, ಯಾವತ್ತೂ ಬೆಸವೇ ಬರೋದು" ಎನ್ನುತ್ತಾರೆ. ಎರಡೂ ಸರಿ. ಎರಡನೆಯ ಮಗು ಮಾತ್ರ ಒಂದೇ ಮಾತಿನಲ್ಲಿ ನೂರಕ್ಕೂ, ಸಾವಿರಕ್ಕೂ, ಮುಗಿಯದಷ್ಟು ಸಂಖ್ಯೆಗಳಿಗೂ ಉತ್ತರ ಕೊಟ್ಟಿದೆ. ಗಣಿತದಲ್ಲಿ ಸಾಧನೆ (ಪ್ರೂಫ್) ಎಂದು ಕರೆಯುವುದು ಇದನ್ನೇ.

ಈಗ ನನಗೆ ಅತ್ಯಂತ ಪ್ರಿಯವಾದ ಚಟುವಟಿಕೆಗೆ ಬರುತ್ತೇನೆ. ಎಲ್ಲರೂ ಒಂದು ಹಾಳೆ ತೆಗೆದುಕೊಂಡು ವೃತ್ತ ಬರೆಯಿರಿ. ಅಂಚಿನ ಮೇಲೆ ಸಮ ಅಂತರದಲ್ಲಿ ಹತ್ತು ಚುಕ್ಕಿ ಇಟ್ಟು 0ಯಿಂದ 9ರವರೆಗೆ ಬರೆಯಿರಿ. ಮೂರರ ಸಾಲನ್ನು ಹೇಳುತ್ತಾ ಬಿಡಿ ಸ್ಥಾನದ ಅಂಕಿಯನ್ನು ಮಾತ್ರ ನೋಡಿ: 3, 6, 9, ಆಮೇಲೆ 12ರಲ್ಲಿ 2, 15ರಲ್ಲಿ 5, 18ರಲ್ಲಿ 8, 21ರಲ್ಲಿ 1, 24ರಲ್ಲಿ 4, 27ರಲ್ಲಿ 7, 30ರಲ್ಲಿ 0. ಸೊನ್ನೆಯಿಂದ ಹೊರಟು ಇದೇ ಕ್ರಮದಲ್ಲಿ ಚುಕ್ಕಿಗಳನ್ನು ಗೆರೆಯಿಂದ ಸೇರಿಸಿ. ಹತ್ತು ಮೊನೆಯ ನಕ್ಷತ್ರ ಬಂತಲ್ಲ? ಒಂದು ಅಂಕಿಯೂ ಬಿಟ್ಟುಹೋಗಲಿಲ್ಲ, ಒಂದೂ ಎರಡು ಸಲ ಬರಲಿಲ್ಲ.

ನಾಲ್ಕರ ಸಾಲಿಗೆ ಇನ್ನೊಂದು ವೃತ್ತ. 4, 8, 2, 6, 0. ಐದೇ ಗೆರೆಗೆ ಮುಗಿಯಿತು, ಐದು ಮೊನೆಯ ನಕ್ಷತ್ರ. ಎರಡರ ಸಾಲಿಗೆ ಪಂಚಭುಜ. ಐದರ ಸಾಲಿಗೆ 5 ಮತ್ತು 0ಯ ನಡುವೆ ಓಡಾಡುವ ಒಂದೇ ಗೆರೆ. ಒಂದರ ಸಾಲು ಅಂಚಿನ ಗುಂಟ ಸುತ್ತಿ ಬಂದು ದಶಭುಜವಾಗುತ್ತದೆ.

ಇನ್ನು ಏಳರದ್ದು. ಎಲ್ಲ ಮಕ್ಕಳಿಗೂ ಕಷ್ಟವೆನಿಸುವ ಸಾಲು. 7, 14, 21, 28, 35, 42, 49, 56, 63, 70. ಬಿಡಿ ಸ್ಥಾನ: 7, 4, 1, 8, 5, 2, 9, 6, 3, 0. ಚಿತ್ರ ಬರೆದರೆ ಮೂರರ ನಕ್ಷತ್ರವೇ ಬರುತ್ತದೆ, ತಿರುಗುವ ದಿಕ್ಕು ಮಾತ್ರ ತಿರುಗುಮುರುಗು. ಯಾಕೆ? ಏಳು ಸೇರಿಸುವುದೆಂದರೆ ಹತ್ತು ಸೇರಿಸಿ ಮೂರು ಕಳೆಯುವುದು. ಹತ್ತು ಸೇರಿಸಿದರೆ ಬಿಡಿ ಸ್ಥಾನ ಕದಲುವುದಿಲ್ಲ. ಆದ್ದರಿಂದ ಬಿಡಿ ಸ್ಥಾನದ ಮಟ್ಟಿಗೆ ಏಳು ಮುಂದೆ ಹೋದರೂ ಮೂರು ಹಿಂದೆ ಬಂದರೂ ಒಂದೇ. ಎಂಟು ಮತ್ತು ಎರಡು, ಆರು ಮತ್ತು ನಾಲ್ಕು, ಒಂಬತ್ತು ಮತ್ತು ಒಂದು, ಎಲ್ಲವೂ ಹೀಗೆ ಜೋಡಿ. ಒಂದರಿಂದ ಒಂಬತ್ತರವರೆಗೆ ಒಂಬತ್ತು ಸಾಲುಗಳಿದ್ದರೂ ಚಿತ್ರಗಳು ಐದೇ. ಐದಕ್ಕೆ ಜೋಡಿ ಐದೇ ಆದ್ದರಿಂದ ಅದೊಂದು ಒಂಟಿ.

ಕೆಲವು ಸಾಲುಗಳು ಹತ್ತೂ ಚುಕ್ಕಿ ಮುಟ್ಟುತ್ತವೆ, ಕೆಲವು ಮುಟ್ಟುವುದಿಲ್ಲ. ಇದಕ್ಕೆ ಕಾರಣ ಕೇಳಿದಾಗ ಮಕ್ಕಳು ಮೊದಲು "ಸಮ ಸಂಖ್ಯೆ ಆದರೆ ಮುಟ್ಟಲ್ಲ" ಎನ್ನುತ್ತಾರೆ. ಒಳ್ಳೆಯ ಉತ್ತರ, ಆದರೆ ಐದು ಸಮ ಸಂಖ್ಯೆಯಲ್ಲ, ಅದೂ ಮುಟ್ಟಲಿಲ್ಲ. ಆಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ: ಬಿಡಿ ಸ್ಥಾನ ಮೊದಲ ಸಲ ಸೊನ್ನೆ ಆಗುವುದು ಯಾವಾಗ? ಮೂರರ ಸಾಲಿನಲ್ಲಿ 30, ನಾಲ್ಕರಲ್ಲಿ 20, ಐದರಲ್ಲಿ 10, ಎಂಟರಲ್ಲಿ 40. ಅಂದರೆ ನಮ್ಮ ಜಿಗಿತದ ಸಾಲು ಹತ್ತರ ಸಾಲನ್ನು ಮೊದಲ ಸಲ ಸಂಧಿಸುವ ಜಾಗ. ಐದನೇ ತರಗತಿಯ ಹೊತ್ತಿಗೆ ಇದನ್ನೇ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಎಂಬ ಹೆಸರಿನಲ್ಲಿ ಕಲಿಸುತ್ತೇವೆ. ಜಿಗಿತಕ್ಕೂ ಹತ್ತಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಸಂಖ್ಯೆ, ಇಲ್ಲದಿದ್ದರೆ ಎಲ್ಲ ಚುಕ್ಕಿಗಳೂ ಸಿಗುತ್ತವೆ. 1, 3, 7, 9 ಅಂಥವು. ಮನೆಗೆ ಹೋಗಿ ಹನ್ನೆರಡು ಚುಕ್ಕಿಯ ವೃತ್ತ, ಅಂದರೆ ಗಡಿಯಾರದ ಮುಖ ಬರೆದು ನೋಡಿ. ಮೂರರ ಜಿಗಿತ ಚೌಕ ಕೊಡುತ್ತದೆ, ನಾಲ್ಕರದ್ದು ತ್ರಿಭುಜ. ಐದರದ್ದು ಈ ಸಲ ಹನ್ನೆರಡೂ ಚುಕ್ಕಿಗಳನ್ನು ಮುಟ್ಟುತ್ತದೆ. ಹತ್ತರ ವೃತ್ತದಲ್ಲಿ ಅಷ್ಟು ಬಡವಾಗಿದ್ದ ಐದು ಇಲ್ಲಿ ಶ್ರೀಮಂತ ನಕ್ಷತ್ರ ಬಿಡಿಸುವುದನ್ನು ಕಂಡಾಗ, ವಿನ್ಯಾಸ ಐದರೊಳಗೆ ಇಲ್ಲ, ಐದಕ್ಕೂ ವೃತ್ತಕ್ಕೂ ಇರುವ ಸಂಬಂಧದಲ್ಲಿದೆ ಎಂಬುದು ಮಗುವಿಗೆ ಕಣ್ಣಿಗೇ ಕಾಣುತ್ತದೆ.

ಒಂಬತ್ತರ ಸಾಲಿನ ಅಂಕಿಗಳನ್ನು ಕೂಡಿದರೆ ಒಂಬತ್ತೇ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು: 18, 27, 36, 45. ಹತ್ತು ಸೇರಿಸಿ ಒಂದು ಕಳೆಯುತ್ತೇವೆ, ಹತ್ತರ ಸ್ಥಾನ ಒಂದು ಏರುತ್ತದೆ, ಬಿಡಿ ಸ್ಥಾನ ಒಂದು ಇಳಿಯುತ್ತದೆ, ಮೊತ್ತ ಹಾಗೇ ಉಳಿಯುತ್ತದೆ. 90ರವರೆಗೆ ಸರಿ. ಮುಂದಿನದು 99, ಮೊತ್ತ 18. ಇಲ್ಲಿ ವಿನ್ಯಾಸ "ತಪ್ಪಿತು" ಎಂದು ಬೇಗ ಮುಂದೆ ಹೋಗಬೇಡಿ, ನಿಲ್ಲಿ. 90ರಲ್ಲಿ ಬಿಡಿ ಸ್ಥಾನ ಸೊನ್ನೆ. ಇಳಿಯಲು ಅಲ್ಲಿ ಏನೂ ಇಲ್ಲ. ಹಾಗಾಗಿ ಹತ್ತರ ಸ್ಥಾನ ಏರದೆ ಬಿಡಿ ಸ್ಥಾನವೇ ಒಂಬತ್ತು ಏರಿತು. ಕಾರಣ ತಿಳಿದ ಮಗುವಿಗೆ ವಿನ್ಯಾಸ ಎಲ್ಲಿಯವರೆಗೆ ನಡೆಯುತ್ತದೆ ಎಂಬುದೂ ತಿಳಿಯುತ್ತದೆ.

ನೂರು ಮನೆಗಳ ಚಾರ್ಟ್ ಎಲ್ಲ ತರಗತಿಗಳಲ್ಲೂ ತೂಗುಹಾಕಿರುತ್ತದೆ. ಅದರಲ್ಲಿ ಒಂಬತ್ತರ ಸಾಲಿಗೆ ಬಣ್ಣ ಹಾಕಿದರೆ ಓರೆಯಾಗಿ ಎಡಕ್ಕೆ ಇಳಿಯುತ್ತದೆ, ಹನ್ನೊಂದರದ್ದು ಬಲಕ್ಕೆ. ಆದರೆ ಚಾರ್ಟಿನ ಅಡ್ಡಸಾಲಿಗೆ ಹತ್ತೇ ಮನೆ ಇರಬೇಕೆಂದು ಯಾರು ಹೇಳಿದರು? ಸಾಲಿಗೆ ಏಳು ಮನೆ ಇರುವ ಚಾರ್ಟ್ ಎಲ್ಲರ ಗೋಡೆಯ ಮೇಲೂ ಇದೆ, ಅದು ಕ್ಯಾಲೆಂಡರ್. ಅದರಲ್ಲಿ ಏಳರ ಜಿಗಿತ ನೇರ ಕೆಳಗಿಳಿಯುತ್ತದೆ, ಎಂಟರದ್ದು ಬಲಕ್ಕೆ ಓರೆ, ಆರರದ್ದು ಎಡಕ್ಕೆ ಓರೆ. ಯಾವುದೇ ತಿಂಗಳಲ್ಲಿ ಮೂರಕ್ಕೆ ಮೂರರ ಒಂದು ಚೌಕ ಆರಿಸಿ, ಒಂಬತ್ತು ತಾರೀಖುಗಳನ್ನೂ ಕೂಡಿ: ನಡುವಿನ ತಾರೀಖಿನ ಒಂಬತ್ತರಷ್ಟು ಬರುತ್ತದೆ. ನಡುವಿನದಕ್ಕಿಂತ ಎಂಟು ಹೆಚ್ಚಿರುವ ಮನೆಯ ಎದುರಿಗೆ ಎಂಟು ಕಡಿಮೆ ಇರುವ ಮನೆ ಇದೆ, ಏಳಕ್ಕೆ ಏಳು, ಆರಕ್ಕೆ ಆರು, ಒಂದಕ್ಕೆ ಒಂದು. ಎಲ್ಲವೂ ಸರಿತೂಗುತ್ತವೆ.

ಸಾಲಿಗೆ ಆರೇ ಮನೆ ಇಟ್ಟು 1ರಿಂದ ಬರೆದು, ಅವಿಭಾಜ್ಯ ಸಂಖ್ಯೆಗಳಿಗೆ (1ರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ, 1ಕ್ಕಿಂತ ದೊಡ್ಡ ಸಂಖ್ಯೆಗಳಿಗೆ) ವೃತ್ತ ಹಾಕಿ. 2 ಮತ್ತು 3ನ್ನು ಬಿಟ್ಟರೆ ಉಳಿದವೆಲ್ಲ ಮೊದಲ ಮತ್ತು ಐದನೆಯ ಕಂಬಸಾಲಿನಲ್ಲೇ ಬೀಳುತ್ತವೆ. ಎರಡು, ನಾಲ್ಕು, ಆರನೆಯ ಕಂಬಸಾಲು ಎರಡರ ಜಿಗಿತಕ್ಕೆ ಸೇರಿದವು, ಮೂರನೆಯದು ಮೂರರ ಜಿಗಿತಕ್ಕೆ. ಬೇರೆ ಜಾಗವೇ ಇಲ್ಲ.

ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಅತ್ಯಂತ ಹಳೆಯ ವಿಧಾನವೂ ಜಿಗಿದು ಎಣಿಸುವುದೇ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್‌ನ ಹೆಸರಿನಲ್ಲಿ ಅದನ್ನು ಜರಡಿ ಎನ್ನುತ್ತಾರೆ. 2ನ್ನು ಉಳಿಸಿಕೊಂಡು ಎರಡರ ಜಿಗಿತದಲ್ಲಿ ಉಳಿದವನ್ನು ಹೊಡೆದುಹಾಕಿ, ಆಮೇಲೆ 3, ಆಮೇಲೆ 5, ಆಮೇಲೆ 7. ನೂರರೊಳಗೆ ಕೆಲಸ ಮುಗಿಯಿತು, 1ನ್ನು ಬಿಟ್ಟು 25 ಸಂಖ್ಯೆಗಳು ಉಳಿಯುತ್ತವೆ. ಇದನ್ನು ಮಾಡಿಸುವಾಗ ಏಳರ ಸರದಿಯನ್ನು ನಿಧಾನವಾಗಿ ನೋಡಿಸಿ. 14, 21, 28, 35, 42 ಎಲ್ಲ ಆಗಲೇ ಹೋಗಿವೆ. ಏಳಕ್ಕೆಂದು ಹೊಸದಾಗಿ ಸಿಗುವುದು ಮೂರೇ: 49, 77, 91. ಹನ್ನೊಂದಕ್ಕೆ ಹೋದರೆ ಹೊಸದಾಗಿ ಸಿಗುವ ಮೊದಲ ಸಂಖ್ಯೆ 121, ಅದು ನೂರರಾಚೆ. ಆದ್ದರಿಂದಲೇ ಏಳಕ್ಕೆ ನಿಲ್ಲಿಸಿದ್ದು. ಇನ್ನು ಆ 91, ನೋಡಿದರೆ ಅವಿಭಾಜ್ಯ ಎಂದೇ ಅನ್ನಿಸುವ ಸಂಖ್ಯೆ, ಏಳರ ಜಿಗಿತದಲ್ಲಿ ಹದಿಮೂರನೆಯದು ಎಂದು ಒಮ್ಮೆ ಕೈಯಾರೆ ಹೊಡೆದುಹಾಕಿದವರು ಮತ್ತೆ ಮೋಸ ಹೋಗುವುದಿಲ್ಲ.

ಎರಡು ಜಿಗಿತಗಳು ಸಂಧಿಸುವ ವಿಷಯಕ್ಕೆ ಪ್ರಕೃತಿಯಲ್ಲೇ ಒಂದು ಉದಾಹರಣೆ ಇದೆ. ಉತ್ತರ ಅಮೆರಿಕದಲ್ಲಿ ಸಿಕಾಡ ಎಂಬ ಕೀಟಗಳ ಕೆಲವು ಗುಂಪುಗಳು ವರ್ಷಾನುಗಟ್ಟಲೆ ಮಣ್ಣಿನೊಳಗಿದ್ದು, ಕೆಲವು 13 ವರ್ಷಕ್ಕೊಮ್ಮೆ, ಕೆಲವು 17 ವರ್ಷಕ್ಕೊಮ್ಮೆ ಲಕ್ಷಗಟ್ಟಲೆಯಲ್ಲಿ ಹೊರಬರುತ್ತವೆ. 13ಕ್ಕೂ 17ಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ಒಂದು ಸಲ ಒಟ್ಟಿಗೆ ಬಂದ ಎರಡು ಗುಂಪುಗಳು ಮತ್ತೆ ಒಟ್ಟಿಗೆ ಬರುವುದು 221 ವರ್ಷದ ಮೇಲೆ. 1803ರಲ್ಲಿ ಜೊತೆಯಾಗಿ ಬಂದಿದ್ದ ಎರಡು ಗುಂಪುಗಳು ಮತ್ತೆ ಜೊತೆಯಾಗಿ ಬಂದದ್ದು 2024ರಲ್ಲಿ. 12 ಮತ್ತು 18 ಆಗಿದ್ದರೆ 36 ವರ್ಷಕ್ಕೇ ಸಂಧಿಸುತ್ತಿದ್ದವು.

ಇಷ್ಟೆಲ್ಲ ಕೇಳಿದ ಮೇಲೆ ಎಲ್ಲೆಲ್ಲೂ ವಿನ್ಯಾಸ ಹುಡುಕುವ ಹುಮ್ಮಸ್ಸು ಬರುತ್ತದೆ. ಬರಲಿ. ಜೊತೆಗೆ ಈ ಒಂದನ್ನೂ ಮಕ್ಕಳ ಕೈಲಿ ಮಾಡಿಸಿ. ವೃತ್ತದ ಅಂಚಿನ ಮೇಲೆ ಚುಕ್ಕಿಗಳನ್ನಿಟ್ಟು ಪ್ರತಿಯೊಂದನ್ನೂ ಉಳಿದೆಲ್ಲದಕ್ಕೂ ಗೆರೆಯಿಂದ ಸೇರಿಸಿ, ವೃತ್ತ ಹೆಚ್ಚೆಂದರೆ ಎಷ್ಟು ತುಂಡಾಗುತ್ತದೆ ಎಂದು ಎಣಿಸಬೇಕು. ಒಂದು ಚುಕ್ಕಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ? ಇಡೀ ತರಗತಿ 32 ಎನ್ನುತ್ತದೆ. ಎಣಿಸಿದರೆ 31. ಮತ್ತೆ ಎಣಿಸಿದರೂ 31. ಐದು ಸಲ ಸರಿಯಾಗಿ ನಡೆದ ವಿನ್ಯಾಸ ಆರನೆಯ ಸಲ ಕೈಕೊಟ್ಟಿತು. ಇಲ್ಲಿ ತುಂಡುಗಳು ಎರಡರಷ್ಟೇ ಆಗಬೇಕು ಎನ್ನಲು ನಮ್ಮ ಬಳಿ ಕಾರಣವಿರಲಿಲ್ಲ, ಅಭ್ಯಾಸವಷ್ಟೇ ಇತ್ತು. ನಾಲ್ಕರ ಸಾಲಿನಲ್ಲಿ ಬೆಸ ಸಂಖ್ಯೆ ಬರುವುದಿಲ್ಲ ಎನ್ನಲು ಕಾರಣವಿದೆ, ಆದ್ದರಿಂದ ಅದನ್ನು ಕೋಟಿಯವರೆಗೂ ನಂಬಬಹುದು.

"2, 4, 8, ಮುಂದಿನ ಸಂಖ್ಯೆ ಯಾವುದು?" ಎಂಬಂಥ ಪರೀಕ್ಷೆಯ ಪ್ರಶ್ನೆಗಳ ಬಗ್ಗೆ ನನಗೆ ಅಸಮಾಧಾನವಿರುವುದು ಇದೇ ಕಾರಣಕ್ಕೆ. ಎರಡರಿಂದ ಗುಣಿಸಿದ ಮಗು 16 ಎನ್ನುತ್ತದೆ. ವ್ಯತ್ಯಾಸ 2, 4 ಇದೆ, ಮುಂದೆ 6 ಬರಲಿ ಎಂದು ಯೋಚಿಸಿದ ಮಗು 14 ಎನ್ನುತ್ತದೆ. ಎರಡನೆಯ ಮಗುವಿಗೆ ಸೊನ್ನೆ ಹಾಕುವುದು ಅನ್ಯಾಯ. ಉತ್ತರದ ಪಕ್ಕದಲ್ಲಿ "ನಿನ್ನ ನಿಯಮ ಏನು?" ಎಂದು ಒಂದು ಗೆರೆ ಜಾಗ ಬಿಟ್ಟರೆ ಸಾಕು, ಪ್ರಶ್ನೆ ನ್ಯಾಯವಾಗುತ್ತದೆ.

ಮಾತು ಮುಗಿದ ಮೇಲೆ ಸಭಿಕರೊಬ್ಬರು, "ಹಾಗಾದರೆ ಮಗ್ಗಿ ಬಾಯಿಪಾಠ ಬೇಡವೇ?" ಎಂದು ಕೇಳಿದರು. ಬೇಕು, ಖಂಡಿತ ಬೇಕು. ಏಳೆಂಟ್ಲ ಎಷ್ಟು ಎಂದು ಪ್ರತಿ ಸಲ ಎಣಿಸುತ್ತಾ ಕೂತರೆ ದೊಡ್ಡ ಲೆಕ್ಕಗಳಲ್ಲಿ ಮಗು ದಾರಿ ತಪ್ಪುತ್ತದೆ. ಆದರೆ ಮರೆತಾಗ ಹಿಂದಿರುಗಿ ಕಟ್ಟಿಕೊಳ್ಳಲು ಒಂದು ದಾರಿ ಇರಲಿ. ಹತ್ತು, ಐದು, ಎರಡರ ಸಾಲುಗಳಿಂದ ಶುರು ಮಾಡಿ, ಎರಡನ್ನು ಇಮ್ಮಡಿಸಿ ನಾಲ್ಕು, ನಾಲ್ಕನ್ನು ಇಮ್ಮಡಿಸಿ ಎಂಟು, ಮೂರರಿಂದ ಆರು. ಏಳನ್ನು ಕೊನೆಗೆ ಇಡಿ, ಮತ್ತು ಅದನ್ನು ಹೊಸದಾಗಿ ಕಲಿಸಲೇಬೇಡಿ. ಎರಡರ ಸಾಲನ್ನು ಬರೆಸಿ: 2, 4, 6, 8, 10, 12, 14, 16. ಅದರ ಕೆಳಗೆ ಐದರ ಸಾಲು: 5, 10, 15, 20, 25, 30, 35, 40. ಈಗ ಮೇಲಿನದನ್ನೂ ಕೆಳಗಿನದನ್ನೂ ಕೂಡುತ್ತಾ ಹೋಗಲಿ: 7, 14, 21, 28, 35, 42, 49. ಏಳೆಂಟ್ಲ ಮರೆತರೆ 16ಕ್ಕೆ 40 ಸೇರಿಸಿದರಾಯಿತು, 56.